ಹೆಣ್ತನಕ್ಕೆ ಒಲವು ಸಾಕ್ಷಿಯೇ?

ಹುಟ್ಟಿದಾಗ ಗಂಡೆಂದು ಎಣಿಸಲ್ಪಟ್ಟು, ತಾನು ಹೆಣ್ಣೆಂದರಿತು ಹೆಣ್ಣಾಗಿಯೇ ಬಾಳುವ ಲಿಂಗಾಂತರಿ ಸ್ತ್ರೀಯರನ್ನು ಕುರಿತು ವಿದ್ಯಾವಂತರಲ್ಲಿಯೂ ಒಂದು ವಿಚಿತ್ರವಾದ ತರ್ಕವು ರೂಢಿಯಲ್ಲಿದೆ. ಆಕೆ ಪುರುಷನಿಗೊಲಿದರೆ, ‘ಪುರುಷನನ್ನು ಕೂಡುವುದಕ್ಕೆ ಹಾಕಿದ ವೇಷವಿದು’ ಎನ್ನುವರು. ಸ್ತ್ರೀಗೊಲಿದರೆ, ‘ಹೆಣ್ಣನ್ನು ಬಯಸುವುದು ಗಂಡಲ್ಲದೆ ಮತ್ತೇನು?’ ಎನ್ನುವರು. ಯಾರನ್ನೂ ಬಯಸೆನೆಂದರೆ ರೋಗವೆನ್ನುವರು. ಮೂರು ಉತ್ತರಗಳಿಗೂ ಒಂದೇ ತೀರ್ಪು ಸಿದ್ಧವಾಗಿರುವಾಗ ಪ್ರಶ್ನೆ ಕೇಳುವ ಶ್ರಮವೇತಕ್ಕೆ?

ತಾನು ಯಾರೆಂಬುದು ಒಂದು ಮಾತು. ತನ್ನ ಮನಸ್ಸು ಯಾರಲ್ಲಿ ನೆಲಸಿತೆಂಬುದು ಇನ್ನೊಂದು. ಮದುವೆಯೊಲ್ಲದೆ ತೌರಿನಲ್ಲಿಯೇ ಮುಪ್ಪಾದ ಸೋದರತ್ತೆಯನ್ನು ಹೆಣ್ಣಲ್ಲವೆಂದು ಯಾವ ಮನೆಯವರೂ ಹೇಳಿದ್ದಿಲ್ಲ. ಲಿಂಗಾಂತರಿ ಸ್ತ್ರೀಯರಲ್ಲಿ ಪುರುಷರನ್ನು ಪ್ರೀತಿಸುವವರಿದ್ದಾರೆ, ಸ್ತ್ರೀಯರನ್ನು ಪ್ರೀತಿಸುವವರಿದ್ದಾರೆ, ಇಬ್ಬರನ್ನೂ, ಯಾರನ್ನೂ ಇಲ್ಲದವರೂ ಇದ್ದಾರೆ. ಉಳಿದ ಸ್ತ್ರೀಯರಿಗಿಲ್ಲದ ಪರೀಕ್ಷೆ ಇವರಿಗೆ ಮಾತ್ರ ಏಕೆ?

ಈ ಭ್ರಾಂತಿಯನ್ನು ಪಂಡಿತರೇ ಪೋಷಿಸಿದ್ದುಂಟು. ಕಳೆದ ಶತಮಾನದ ಮಧ್ಯದಲ್ಲಿ ಪಾಶ್ಚಾತ್ಯ ದೇಶಗಳ ಅನೇಕ ವೈದ್ಯರು, ಪುರುಷಪ್ರೇಮವನ್ನು ಒಪ್ಪಿಕೊಂಡವಳನ್ನೇ ನಿಜವಾದ ರೋಗಿಯೆಂದೆಣಿಸಿ ಚಿಕಿತ್ಸೆಗೆ ಆರಿಸುತ್ತಿದ್ದರು. ಚಿಕಿತ್ಸೆ ಬೇಕಾದವರು ವೈದ್ಯನಿಗೆ ಬೇಕಾದ ಕಥೆಯನ್ನೇ ಹೇಳಲು ಕಲಿತರು. ಆ ಕಥೆಗಳ ಏಕರೂಪವೇ ಮತ್ತೆ ಶಾಸ್ತ್ರಕ್ಕೆ ಪ್ರಮಾಣವಾಯಿತು! ಅನಂತರ ಕೆನಡಾದ ರೇ ಬ್ಲಾಂಚರ್ಡ್ ಎಂಬ ಮನಶ್ಶಾಸ್ತ್ರಜ್ಞನು, ಪುರುಷರನ್ನು ಬಯಸದ ಲಿಂಗಾಂತರಿ ಸ್ತ್ರೀಯರೆಲ್ಲರೂ ತಮ್ಮದೇ ಹೆಣ್ಣುರೂಪದ ಕಲ್ಪನೆಗೆ ಮೋಹಿತರೆಂದು ವಾದಿಸಿ, 1989ರಲ್ಲಿ ಅದಕ್ಕೊಂದು ಹೆಸರನ್ನೂ ಇಟ್ಟನು. ತಾನು ಚೆಲುವೆಯಾಗಿ ಕಾಣಬೇಕು, ಬಯಸಲ್ಪಡಬೇಕು ಎಂಬ ಭಾವ ಉಳಿದ ಸ್ತ್ರೀಯರಲ್ಲಿಲ್ಲವೇ? ಚಾರ್ಲ್ಸ್ ಮೋಸರ್ ಎಂಬ ವೈದ್ಯನು ಅಂತಹವೇ ಪ್ರಶ್ನೆಗಳನ್ನು 29 ಮಂದಿ ಸ್ತ್ರೀಯರಿಗೆ ಕೇಳಿ 2009ರಲ್ಲಿ ಫಲವನ್ನು ಪ್ರಕಟಿಸಿದನು. ಸಡಿಲವಾದ ಅಳತೆಯಲ್ಲಿ ಬಹುತೇಕರೂ, ಬಿಗಿಯಾದ ಅಳತೆಯಲ್ಲಿ ಕಾಲುಭಾಗಕ್ಕೂ ಹೆಚ್ಚಿನವರೂ ಅದೇ ವರ್ಗಕ್ಕೆ ಸೇರಿದರು. ಸಂಖ್ಯೆ ಅಲ್ಪವೇ ಸರಿ. ಆದರೆ ಆ ಪ್ರಶ್ನೆಯನ್ನು ಮೊದಲೇ ಕೇಳಬೇಕಾಗಿದ್ದಿತು.

ನಮ್ಮ ದೇಶದ ನ್ಯಾಯವೂ ಎಡವಿಯೇ ನಡೆಯಿತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗತ್ವವನ್ನು ತಾನೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ಮನ್ನಿಸಿತು. ಲಿಂಗತ್ವವೂ ಒಲವೂ ಬೇರೆಯೆಂದು ವಿವರಿಸಿತು. ಆದರೆ ಕೆಲವೇ ತಿಂಗಳ ಹಿಂದೆ, 2013ರ ಡಿಸೆಂಬರಿನಲ್ಲಿ, ಅದೇ ನ್ಯಾಯಾಲಯವು 377ನೆಯ ಕಲಮನ್ನು ಎತ್ತಿಹಿಡಿದಿದ್ದಿತು. ಹೀಗಾಗಿ 2018ರ ಸೆಪ್ಟೆಂಬರ್ 6ರವರೆಗೆ ಆಕೆ ಮಾನ್ಯಳು, ಆಕೆಯ ಪ್ರೇಮ ಅಪರಾಧ! ಹೃದಯವನ್ನು ಹೊರಗಿಟ್ಟು ಒಳಗೆ ಬಾ ಎಂದಂತಾಯಿತು.

ಸಮಾಜದ ನಡೆಯೂ ಇದಕ್ಕಿಂತ ಮೇಲಲ್ಲ. ಎಲ್ಲಮ್ಮನ ಕೊಡ ಹೊತ್ತು ಕುಣಿಯುವ ಜೋಗತಿಗೆ ಕೈಮುಗಿಯುವರು. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದನ್ನೂ, 2021ರಲ್ಲಿ ಪದ್ಮಶ್ರೀ ಪಡೆದುದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುವರು, ಹೇಳಿಕೊಳ್ಳಲಿ. ಆದರೆ ಅಂತಹ ಇನ್ನೊಬ್ಬಳು ಸಂಗಾತಿಯೊಡನೆ ಬಂದು ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ತೆರೆಯುವವರೆಷ್ಟು ಮಂದಿ? ವಿರಾಗಿಣಿಯಾದರೆ ಪೂಜ್ಯೆ, ಸಂಸಾರ ಬಯಸಿದರೆ ಅಸಹ್ಯಳು ಎಂಬುದು ಗೌರವವಲ್ಲ. ಅದು ಹೂವಿನಿಂದ ಹೆಣೆದ ಬಹಿಷ್ಕಾರ.

‘ಇದು ಖಾಸಗಿ ವಿಷಯ, ಚರ್ಚೆಯೇತಕ್ಕೆ?’ ಎಂದು ಸಭ್ಯರು ಕೇಳಬಹುದು. ಖಾಸಗಿಯಾಗಿರಗೊಟ್ಟಿದ್ದರೆ ಚರ್ಚೆ ಬೇಕಿರಲಿಲ್ಲ. ಒಲವನ್ನು ಮುಚ್ಚಿಟ್ಟವಳು ವೈದ್ಯನಿಗೆ ನಿಜ ಹೇಳಲಾರಳು. ಸಂಗಾತಿ ಹೊಡೆದರೆ ಠಾಣೆಯ ಮೆಟ್ಟಿಲೇರಲಾರಳು. ಮನಸ್ಸು ಕುಸಿದಾಗ ತಾಯಿಯ ಮುಂದೆಯೂ ಬಾಯಿ ಬಿಡಲಾರಳು. ಆಕೆಯ ಆರೋಗ್ಯವನ್ನು ಕೆಡಿಸುವುದು ಆಕೆಯ ಬಯಕೆಯಲ್ಲ. ಬಯಕೆಯನ್ನು ಕುರಿತು ಸುಳ್ಳಾಡಬೇಕಾದ ನಿರ್ಬಂಧ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಅಂಗೀಕರಿಸಿದ ರೋಗಪಟ್ಟಿಯಲ್ಲಿ ಈ ಸ್ಥಿತಿಯನ್ನು ಮನೋರೋಗಗಳ ಸಾಲಿನಿಂದ ತೆಗೆಯಲಾಯಿತು. ಅದೇ ವರ್ಷ ಮದರಾಸಿನ ಉಚ್ಚ ನ್ಯಾಯಾಲಯವು ಹಿಂದೂ ವಿವಾಹ ಕಾಯಿದೆಯ ‘ವಧು’ ಶಬ್ದಕ್ಕೆ ಲಿಂಗಾಂತರಿ ಸ್ತ್ರೀಯೂ ಸೇರುವಳೆಂದು ತೀರ್ಮಾನಿಸಿತು. ವೈದ್ಯಗ್ರಂಥವೂ ನ್ಯಾಯಪೀಠವೂ ತಮ್ಮ ಮಾತನ್ನು ತಿದ್ದಿಕೊಂಡಿವೆ. ತಿದ್ದಿಕೊಳ್ಳಬೇಕಾದುದು ಇನ್ನು ಮನೆಗಳು. ಮಗಳಾಗಿ ಮರಳಿ ಬಂದವಳನ್ನು ‘ಯಾರನ್ನು ಮೆಚ್ಚಿರುವೆ?’ ಎಂದು ವಿಚಾರಿಸುವುದಕ್ಕೆ ಮುನ್ನ ‘ಊಟವಾಯಿತೇ?’ ಎಂದು ವಿಚಾರಿಸುವ ಮನೆಯೇ ಸುಸಂಸ್ಕೃತವಾದ ಮನೆ.