ಅದೇ ಬ್ಯಾಕ್ಟೀರಿಯಾ, ಐದು ಜೀನ್ ಜಾಸ್ತಿ

ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪ ಫೋನ್ ಮಾಡಿದ್ರು. "ದಿನಾ ಹತ್ತಿಪ್ಪತ್ತು ಕೋಳಿ ಸಾಯ್ತಿವೆ ಕಣೋ. ನೀರಿಗೆ ಆಂಟಿಬಯಾಟಿಕ್ ಹಾಕಿದ್ರೂ ಕೇಳ್ತಿಲ್ಲ." ಪಶುವೈದ್ಯರು ಸತ್ತ ಕೋಳಿ ಕೊಯ್ದು ನೋಡಿದ್ರೆ ಹೃದಯ, ಲಿವರ್ ಮೇಲೆಲ್ಲ ಬಿಳಿ ಪೊರೆ. ಕಾರಣ ಇ. ಕೋಲಿ.

ನಂಗೆ ಆಶ್ಚರ್ಯ. ಇ. ಕೋಲಿ ಕೋಳಿಯ ಕರುಳಲ್ಲೂ ಇರುತ್ತೆ, ನಮ್ಮ ಕರುಳಲ್ಲೂ ಇರುತ್ತೆ. ಬಹುತೇಕ ತೊಂದರೆ ಕೊಡಲ್ಲ. ಆದ್ರೆ ರೋಗ ತರೋ ತಳಿಗಳ ಹತ್ರ ಹೆಚ್ಚುವರಿ ಜೀನ್‌ಗಳಿರ್ತವೆ. ಅವನ್ನು ಗುರುತಿಸೋಕೆ 2008ರಲ್ಲಿ ಅಮೆರಿಕದ ಸಂಶೋಧಕರು ಐದು ಜೀನ್‌ಗಳನ್ನ ಆರಿಸಿದ್ರು. ಅವುಗಳಲ್ಲಿ ಎರಡು ಕೋಳಿಯ ದೇಹದಿಂದ ಕಬ್ಬಿಣಾಂಶ ದೋಚೋಕೆ, ಇನ್ನೊಂದು ರಕ್ತದ ರಕ್ಷಣೆಯಿಂದ ತಪ್ಪಿಸಿಕೊಳ್ಳೋಕೆ.

ಈ ಜೀನ್‌ಗಳು ಹೆಚ್ಚಾಗಿ ಪ್ಲಾಸ್ಮಿಡ್ ಅನ್ನೋ ಪುಟ್ಟ ಡಿಎನ್‌ಎ ಉಂಗುರದಲ್ಲಿರ್ತವೆ. ಪೆನ್‌ಡ್ರೈವ್ ಥರ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕಾಪಿ ಆಗ್ತವೆ. ಔಷಧಿಗೆ ಬಗ್ಗದ ಜೀನ್‌ಗಳೂ ಎಷ್ಟೋ ಸಲ ಅದೇ ಉಂಗುರದಲ್ಲಿ. ಹಾಗಾಗಿ ಸಿಕ್ಕಿದ ಆಂಟಿಬಯಾಟಿಕ್ ಸುರಿದ್ರೆ ಸಾಧು ಸಾಯುತ್ತೆ, ರೌಡಿ ಉಳಿಯುತ್ತೆ. ನಾಳೆ ಆಸ್ಪತ್ರೆಯಲ್ಲಿ ನಮಗೂ ಔಷಧಿ ಕೆಲಸ ಮಾಡದಿರಬಹುದು. ಐಸಿಯು ರೋಗಿಗಳ ಕೊನೇ ಅಸ್ತ್ರವಾದ ಕೊಲಿಸ್ಟಿನ್ನನ್ನ ಕೋಳಿಗಳಿಗೆ ಕೊಡಬಾರದು ಅಂತ ಭಾರತ 2019ರಲ್ಲಿ ನಿಷೇಧಿಸಿದ್ದು ಇದೇ ಭಯಕ್ಕೆ.

ಡಾಕ್ಟ್ರು ಮೊದಲು ಬೊಟ್ಟು ಮಾಡಿದ್ದು ನೆಲದ ಕಡೆ. ಒದ್ದೆ ಹೊಟ್ಟಿನಿಂದ ಏಳೋ ಅಮೋನಿಯಾ ಕೋಳಿಯ ಶ್ವಾಸನಾಳ ಹಾಳು ಮಾಡುತ್ತೆ. ರೌಡಿ ನುಗ್ಗೋದು ಆ ದಾರೀಲೇ. ಹೊಟ್ಟು ಬದಲಾಯ್ತು, ಪರದೆ ಸರಿಸಿ ಗಾಳಿ ಬಿಟ್ರು, ನೀರಿನ ಪೈಪ್ ತೊಳೆದ್ರು. ಲ್ಯಾಬ್ ರಿಪೋರ್ಟ್ ನೋಡಿ ಒಂದೇ ಔಷಧಿ. ಸಾವು ನಿಂತಿತು, ಆದ್ರೆ ಆ ಬ್ಯಾಚಲ್ಲಿ ಲಾಭ ಬರಲಿಲ್ಲ.

ಈಗ ಚಿಕ್ಕಪ್ಪ ದಿನಾ ಬೆಳಗ್ಗೆ ಒಂದು ಹಿಡಿ ಹೊಟ್ಟು ಹಿಂಡಿ ನೋಡ್ತಾರೆ. ಉಂಡೆ ಕಟ್ಟಿದ್ರೆ ಒದ್ದೆ. ನಿಮ್ಮೂರಲ್ಲಿ ಕೋಳಿ ಸಾಕೋರಿದ್ರೆ ಇಷ್ಟು ಹೇಳಿ.