ಮಗುವಿನ ಕಾಲು ರಜೆಗೆ ಕಾಯುವುದಿಲ್ಲ

ಮಗಳ ಕಾಲು ಬಾಗಿದೆ ಎಂದು ಊರಿನಿಂದ ಫೋನ್ ಬಂದರೆ ಗಲ್ಫಿನಿಂದ ಹೋಗುವ ಉತ್ತರ ಒಂದೇ: ‘ರಜೆಗೆ ಬಂದಾಗ ನೋಡುವ, ಈಗ ಎಣ್ಣೆ ತಿಕ್ಕಿ.’ ಇದು ನಿಲ್ಲಲೇಬೇಕು ಎನ್ನುತ್ತೇವೆ ನಾವು. 2 ವರ್ಷದೊಳಗಿನ ಬಾಗು ಹೆಚ್ಚಾಗಿ ತಾನೇ ಸರಿಯಾಗುತ್ತದೆ, ನಿಜ. ಆಮೇಲೂ ಹೆಚ್ಚುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ ಮೂಳೆ ಡಾಕ್ಟರಿಗೆ ತೋರಿಸಬೇಕು. ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಆದರೆ ಮೊದಲು ಔಷಧಿ. ಅದು ಸಾಲದಿದ್ದರೆ, ಬೆಳೆಯುವ ಪ್ರಾಯದಲ್ಲಿ ಮೊಣಕಾಲ ಬಳಿ ಸಣ್ಣ ಪ್ಲೇಟ್ ಕೂರಿಸಿದರೆ ಬೆಳವಣಿಗೆಯೇ ಕಾಲನ್ನು ನೆಟ್ಟಗೆ ಮಾಡುತ್ತದೆ. ಹುಡುಗಿಯರಲ್ಲಿ ಸುಮಾರು 14ಕ್ಕೆ, ಹುಡುಗರಲ್ಲಿ 16ಕ್ಕೆ ಆ ಬೆಳವಣಿಗೆ ನಿಲ್ಲುತ್ತದೆ. ಮತ್ತೆ ಮೂಳೆ ಕತ್ತರಿಸಿಯೇ ಸರಿಪಡಿಸಬೇಕು. ಮದುವೆ ಮಾತು ಬಂದಾಗ ಎಚ್ಚರವಾಗಿ ಏನು ಫಲ? ಹೊಸ ಮನೆಯ ಟೈಲ್ಸ್ ಕಾಯಲಿ. ಉಮ್ಮನೇ ಮಗುವನ್ನು ಕರೆದುಕೊಂಡು ಹೋಗಲಿ. ಇಲ್ಲಿಂದ ಬೇಕಾದದ್ದು ‘ಹೋಗು’ ಎಂಬ ಒಂದು ಮಾತು, ಇವತ್ತೇ.