ಎಳೆಯರ ಚಿತ್ತವಿಕಲತೆ: ಹೆಸರಿಡುವ ಮುನ್ನ ಎಚ್ಚರ

ಹದಿಮೂರು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುವ ಸ್ಕಿಜೋಫ್ರೇನಿಯಾ, ಅರ್ಥಾತ್ ಚಿತ್ತವಿಕಲತೆ, ಅತಿ ವಿರಳವಾದ ಕಾಯಿಲೆ. ಸುಮಾರು 40,000 ಮಕ್ಕಳಲ್ಲಿ ಒಬ್ಬರಿಗೆ ಬರಬಹುದೆಂಬುದು ತಜ್ಞರು ಸಾಮಾನ್ಯವಾಗಿ ನೀಡುವ ಅಂದಾಜು. ಆದರೂ ಈ ಬೆರಳೆಣಿಕೆಯ ಮಕ್ಕಳ ಅಧ್ಯಯನಕ್ಕೆ ವಿಜ್ಞಾನಿಗಳು ದಶಕಗಳನ್ನೇ ಮುಡಿಪಾಗಿಟ್ಟಿದ್ದಾರೆ. ವಯಸ್ಕರಲ್ಲಿ ಕಾಣುವ ಇದೇ ಕಾಯಿಲೆ ಎಳವೆಯಲ್ಲಿ ಹೆಚ್ಚು ಉಗ್ರವಾಗಿರುತ್ತದೆ, ಅದರ ಆನುವಂಶಿಕ ಬೇರುಗಳೂ ಹೆಚ್ಚು ಸ್ಪಷ್ಟವಾಗಿರುತ್ತವೆ ಎಂಬುದೇ ಇದಕ್ಕೆ ಕಾರಣ. ಈ ಸಂಶೋಧನೆಗಳು ರೋಗದ ಮೂಲದ ಮೇಲೆ ಬೆಳಕು ಚೆಲ್ಲಿವೆ, ನಿಜ. ಆದರೆ ಅವು ಕಲಿಸಿದ ಬಹುಮುಖ್ಯ ಪಾಠ ಬೇರೆಯೇ ಇದೆ: ಮಗುವಿನ ವರ್ತನೆಗೆ ರೋಗದ ಹೆಸರಿಡುವಾಗ ಆತುರ ಸಲ್ಲದು.

ಇತಿಹಾಸವೇ ಇದಕ್ಕೆ ಸಾಕ್ಷಿ. ಲಿಯೋ ಕ್ಯಾನರ್ 1943ರಲ್ಲಿಯೇ ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯೆಂದು ವಿವರಿಸಿದ್ದರೂ, ಅಂಥ ಮಕ್ಕಳಿಗೆ 'ಬಾಲ್ಯದ ಸ್ಕಿಜೋಫ್ರೇನಿಯಾ' ಎಂಬ ಹಣೆಪಟ್ಟಿ ಅಂಟಿಸುವ ರೂಢಿ ಅಮೆರಿಕದಲ್ಲಿ ಬಹುಕಾಲ ಮುಂದುವರಿಯಿತು. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಬಳಕೆಗೆ ತಂದ 'ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ' ಎಂಬ ಪರಿಕಲ್ಪನೆಯಂತೂ ಕಾಯಿಲೆಯ ಹೊಣೆಯನ್ನು ಹೆತ್ತವಳ ತಲೆಗೇ ಕಟ್ಟಿತು. ಮಗುವಿನ ನರಳಾಟದ ಜೊತೆಗೆ ಅಪರಾಧಿಭಾವದ ಹೊರೆಯನ್ನೂ ಎಷ್ಟೋ ಕುಟುಂಬಗಳು ಹೊರಬೇಕಾಯಿತು. ಮೂರು ವರ್ಷದೊಳಗೆ ಲಕ್ಷಣ ತೋರುವ ಮಕ್ಕಳೂ, ಅನಂತರ ಭ್ರಮೆ-ಭ್ರಾಂತಿಗಳಿಗೆ ಒಳಗಾಗುವ ಮಕ್ಕಳೂ ಬೇರೆ ಬೇರೆ ಗುಂಪಿಗೆ ಸೇರಿದವರೆಂದು ಬ್ರಿಟನ್ನಿನ ಇಸ್ರೇಲ್ ಕೊಲ್ವಿನ್ ಮತ್ತು ಸಹೋದ್ಯೋಗಿಗಳು 1971ರಲ್ಲಿ ತೋರಿಸಿಕೊಟ್ಟರು. 1980ರ ಅಮೆರಿಕದ ಮನೋರೋಗ ಕೈಪಿಡಿ ಇವೆರಡನ್ನೂ ಅಧಿಕೃತವಾಗಿ ಬೇರ್ಪಡಿಸಿತು.

ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1990ರಲ್ಲಿ ಜುಡಿತ್ ರಾಪೊಪೋರ್ಟ್ ನೇತೃತ್ವದಲ್ಲಿ ಆರಂಭವಾದ ಅಧ್ಯಯನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ವಿವಿಧೆಡೆಯಿಂದ ಕಳುಹಿಸಲಾದ ಮಕ್ಕಳನ್ನು ಆಸ್ಪತ್ರೆಯಲ್ಲಿರಿಸಿಕೊಂಡು, ಔಷಧವನ್ನು ಹಂತಹಂತವಾಗಿ ನಿಲ್ಲಿಸಿ, ವೈದ್ಯರು ನಿಗಾ ಇಟ್ಟರು. ಸ್ಕಿಜೋಫ್ರೇನಿಯಾ ಎಂದು ಹೇಳಿಸಿಕೊಂಡು ಬಂದಿದ್ದ ಎಷ್ಟೋ ಮಕ್ಕಳಿಗೆ ಆ ಕಾಯಿಲೆಯೇ ಇರಲಿಲ್ಲವೆಂಬುದು ಆಗ ಬಯಲಾಯಿತು. ಕೆಲವರಲ್ಲಿದ್ದುದು ಮನೋಭಾವದ ಏರುಪೇರು, ಇನ್ನು ಕೆಲವರಲ್ಲಿ ಬೆಳವಣಿಗೆಯ ತೊಡಕು ಅಥವಾ ಆತಂಕ.

ರೋಗ ಖಚಿತವಾದ ಮಕ್ಕಳ ಮಿದುಳನ್ನು ಎಂಆರ್‌ಐ ಯಂತ್ರದ ಮೂಲಕ ವರ್ಷಗಟ್ಟಲೆ ಅಳೆಯಲಾಯಿತು. 2001ರಲ್ಲಿ ಪಾಲ್ ಥಾಂಪ್ಸನ್ ಮತ್ತಿತರರು ಪ್ರಕಟಿಸಿದ ವರದಿಯಲ್ಲಿ 12 ರೋಗಿಗಳನ್ನು 12 ಆರೋಗ್ಯವಂತರೊಂದಿಗೆ ಹೋಲಿಸಲಾಗಿತ್ತು. ಹದಿಹರೆಯದಲ್ಲಿ ಎಲ್ಲರ ಮಿದುಳಿನಲ್ಲೂ ಬೂದು ದ್ರವ್ಯ ತುಸು ಕಡಿಮೆಯಾಗುವುದು ಸಹಜ. ಆದರೆ ರೋಗಿಗಳಲ್ಲಿ ಈ ಇಳಿಕೆ ತೀವ್ರವಾಗಿತ್ತು. ನೆತ್ತಿಯ ಭಾಗದ ಪ್ರದೇಶದಲ್ಲಿ ಮೊದಲು ಕಾಣಿಸಿಕೊಂಡ ಅದು ಐದು ವರ್ಷಗಳಲ್ಲಿ ಕಪೋಲ ಹಾಗೂ ಹಣೆಯ ಭಾಗಗಳತ್ತ ಹಬ್ಬಿತ್ತು. ನಿತಿನ್ ಗೋಗ್ಟೆ ಮತ್ತಿತರರ 2007ರ ವರದಿ ಇನ್ನೊಂದು ಆಶಾದಾಯಕ ಸಂಗತಿಯನ್ನು ಹೊರಗೆಡಹಿತು. ರೋಗಿಗಳ ಆರೋಗ್ಯವಂತ ಒಡಹುಟ್ಟಿದವರಲ್ಲೂ ಬೂದು ದ್ರವ್ಯದ ಕೊರತೆ ಕಂಡುಬಂದಿತ್ತಾದರೂ, ಸುಮಾರು 20ನೇ ವಯಸ್ಸಿಗೆ ಅದು ಸರಿಹೋಗಿತ್ತು. ವಂಶದಿಂದ ಬಂದ ದೌರ್ಬಲ್ಯವೇ ಹಣೆಬರಹವಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ವಂಶವಾಹಿಗಳ ಶೋಧವೂ ಮುಂದುವರಿಯಿತು. ಇದೇ ತಂಡ 2014ರಲ್ಲಿ 126 ರೋಗಿಗಳ ವರ್ಣತಂತುಗಳನ್ನು ಪರೀಕ್ಷಿಸಿದಾಗ, ಸುಮಾರು ಶೇ 12ರಷ್ಟು ಮಂದಿಯಲ್ಲಿ ರೋಗಕ್ಕೆ ಸಂಬಂಧಿಸಿದ ತುಣುಕುಗಳ ಲೋಪ ಅಥವಾ ಹೆಚ್ಚಳ ಕಂಡುಬಂದಿತು. ಆರೋಗ್ಯವಂತ ಒಡಹುಟ್ಟಿದವರಲ್ಲಿ ಈ ಪ್ರಮಾಣ ತೀರ ಕಡಿಮೆಯಿತ್ತು. ತಾಯಂದಿರ ಮೇಲಿನ ಹಳೆಯ ಆರೋಪಕ್ಕೆ ಇದಕ್ಕಿಂತ ತಕ್ಕ ಉತ್ತರ ಇರಲಾರದು. ಹಾಗೆಂದು ಸ್ಕ್ಯಾನಿಂಗ್ ಚಿತ್ರವಾಗಲೀ ರಕ್ತಪರೀಕ್ಷೆಯಾಗಲೀ ಒಂದು ಮಗುವಿಗೆ ಈ ಕಾಯಿಲೆ ಇದೆಯೇ ಎಂದು ತೀರ್ಪು ನೀಡಲಾರದು. ಗುಂಪುಗಳ ನಡುವಿನ ಸರಾಸರಿ ವ್ಯತ್ಯಾಸವೇ ಬೇರೆ, ವ್ಯಕ್ತಿಯ ರೋಗನಿರ್ಣಯವೇ ಬೇರೆ.

ಚಿಕಿತ್ಸೆಯ ವಿಷಯದಲ್ಲಿ ಚಿತ್ರ ಅಷ್ಟು ಸರಳವಾಗಿಲ್ಲ. 1996ರಲ್ಲಿ 21 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹಾಲೋಪೆರಿಡಾಲ್‌ಗಿಂತ ಕ್ಲೊಜಪಿನ್ ಹೆಚ್ಚು ಪರಿಣಾಮಕಾರಿಯೆನಿಸಿತು. ಆದರೆ ಬಿಳಿ ರಕ್ತಕಣಗಳ ಕುಸಿತ, ಫಿಟ್ಸ್‌ನಂತಹ ಅಡ್ಡಪರಿಣಾಮಗಳು ಅದರ ಬೆನ್ನಿಗಿದ್ದವು. 2008ರಲ್ಲಿ ವರದಿಯಾದ, 8ರಿಂದ 19 ವರ್ಷದೊಳಗಿನವರ ಮೇಲಿನ ಮತ್ತೊಂದು ಪ್ರಯೋಗದಲ್ಲಿ ಮೂರು ಔಷಧಗಳ ಪೈಕಿ ಯಾವುದಕ್ಕೂ ಅರ್ಧಕ್ಕಿಂತ ಹೆಚ್ಚು ರೋಗಿಗಳು ತೃಪ್ತಿಕರವಾಗಿ ಸ್ಪಂದಿಸಲಿಲ್ಲ. ಅವುಗಳಲ್ಲೊಂದಾದ ಒಲಾಂಜಪಿನ್ ತೂಕವನ್ನು ಅತಿಯಾಗಿ ಹೆಚ್ಚಿಸಿದ್ದರಿಂದ ಅದರ ಬಳಕೆಯನ್ನು ನಡುವೆಯೇ ಕೈಬಿಡಬೇಕಾಯಿತು. ಇಂಥ ಔಷಧಗಳನ್ನು ರೋಗವೇ ಇಲ್ಲದ ಮಗು ವರ್ಷಗಟ್ಟಲೆ ನುಂಗಬೇಕಾಗಿ ಬಂದರೆ? ರೋಗನಿರ್ಣಯದಲ್ಲಿನ ತಪ್ಪಿಗೆ ತೆರಬೇಕಾದ ಬೆಲೆ ಇದು.

ಯಾರೂ ಇಲ್ಲದಿದ್ದಾಗ ದನಿ ಕೇಳಿಸಿತು ಎಂದು ಮಗು ಹೇಳಿದ ಮಾತ್ರಕ್ಕೆ ಪೋಷಕರು ಧೃತಿಗೆಡಬೇಕಾಗಿಲ್ಲ. 9ರಿಂದ 12 ವರ್ಷದ ಮಕ್ಕಳಲ್ಲಿ ಸುಮಾರು ಶೇ 17ರಷ್ಟು ಮಂದಿ ಇಂಥ ಅನುಭವಗಳನ್ನು ಹೇಳಿಕೊಳ್ಳುತ್ತಾರೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆ ತಿಳಿಸಿದೆ. ಬಹುಪಾಲು ಮಕ್ಕಳಲ್ಲಿ ಅವು ತಾವಾಗಿಯೇ ಮರೆಯಾಗುತ್ತವೆ. ಆದರೆ ದನಿಗಳು ಬಿಡದೆ ಕಾಡುತ್ತಿದ್ದರೆ, ಮಾತು ಅಸಂಬದ್ಧವಾದರೆ, ಓದು-ಆಟ-ಗೆಳೆತನ ಎಲ್ಲವೂ ತಿಂಗಳುಗಟ್ಟಲೆ ಹಿಂದೆ ಸರಿಯುತ್ತಿದ್ದರೆ ನಿರ್ಲಕ್ಷ್ಯ ತರವಲ್ಲ.

ಗಾಳಿ ಸೋಕಿದೆ ಎಂದು ಮಂತ್ರವಾದಿಯ ಬಳಿಗೆ ಓಡುವುದು, ಇಲ್ಲವೇ ಜನ ಏನೆಂದಾರೆಂಬ ಅಂಜಿಕೆಯಿಂದ ಮುಚ್ಚಿಡುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಆ ಅಮೂಲ್ಯ ಕಾಲ ಕೈತಪ್ಪದಂತೆ ಮಾಡಲು ಇಂದು ಮಾರ್ಗಗಳಿವೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಸಮನ್ವಯ ವಹಿಸಿರುವ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಗೆ ಕರೆ ಮಾಡಿ ಪಡೆಯಬಹುದು. ಮಕ್ಕಳ ಮನೋವೈದ್ಯರು ತಾಳ್ಮೆಯಿಂದ, ಹಲವು ಭೇಟಿಗಳಲ್ಲಿ ಮಗುವನ್ನು ಗಮನಿಸಿ ನಿರ್ಧಾರಕ್ಕೆ ಬರಲು ಪೋಷಕರೂ ಅವಕಾಶ ಮಾಡಿಕೊಡಬೇಕು. ನೆರವು ಕೇಳುವುದರಲ್ಲಿ ವಿಳಂಬ ಬೇಡ, ರೋಗದ ಹೆಸರು ನಿರ್ಧರಿಸುವುದರಲ್ಲಿ ಅವಸರ ಬೇಡ. ಮೂರು ದಶಕಗಳ ಸಂಶೋಧನೆ ಹೇಳುತ್ತಿರುವುದು ಇದನ್ನೇ.